ದೀಕ್ಷಾಳ ಮಂಚಕ್ಕೆ ಬಿಲ್ಕಿಸ್ ಹಚ್ಚಿದ ಬಣ್ಣ

ಮೂವತ್ತೊಂದು ವರ್ಷ ಖಾಸಗಿ ಬಸ್ಸಿನ ಬಾಗಿಲಲ್ಲಿ ನಿಂತು ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂದು ಕೂಗಿದವನಿಗೆ ಎರಡು ರೋಗ ಅಂಟಿಕೊಳ್ಳುತ್ತವೆ. ಒಂದು, ನಿಂತಲ್ಲೇ ನಿದ್ದೆ ಹೋಗುವುದು. ಇನ್ನೊಂದು, ತಾನು ಹೇಳಿದ ಮೇಲೆ ಮುಗಿಯಿತು, ಬೇರೆಯವರು ಉಸಿರೆತ್ತಬಾರದು ಎಂದುಕೊಳ್ಳುವುದು. ಮೊದಲನೆಯದು ಕೆಲಸ ಬಿಟ್ಟ ಮೇಲೆ ತಾನಾಗಿಯೇ ವಾಸಿಯಾಯಿತು. ಎರಡನೆಯದನ್ನು ವಾಸಿ ಮಾಡಿದವಳು ಬಣ್ಣದ ಬಿಲ್ಕಿಸ್. ಆ ಮದ್ದಿನ ಉರಿಯೆಲ್ಲ ಅವಳಿಗಾಯಿತು, ಗುಣ ಮಾತ್ರ ನನಗೆ ಸಿಕ್ಕಿತು. ಅದಕ್ಕೇ ಇದನ್ನು ಹೇಳಬೇಕಾಗಿದೆ.

ನನ್ನ ಹೆಸರು ಜಯದೇವಪ್ಪ. ಎನ್.ಆರ್.ಪುರದ ಪೇಟೆ ಮುಗಿದು ರಸ್ತೆ ಭದ್ರಾ ಹಿನ್ನೀರಿನ ಕಡೆ ಇಳಿಯುವಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ಹೆಂಡತಿ ಗಂಗಾಂಬಿಕೆ, ಮಗ ವೀರೇಶ್, ಸೊಸೆ, ಆರು ವರ್ಷದ ಮೊಮ್ಮಗಳು ದೀಕ್ಷಾ. ಹೋದ ಮಾರ್ಚಿನಲ್ಲಿ ದೀಕ್ಷಾ ನನಗೊಂದು ಕೋಣೆ ಬೇಕು ಎಂದು ಹಟ ಹಿಡಿದಳು. ಭತ್ತದ ಚೀಲ ಪೇರಿಸುತ್ತಿದ್ದ ಬದಿಯ ಕೋಣೆಯನ್ನು ಖಾಲಿ ಮಾಡಿಸಿದೆವು. ವೀರೇಶ್ ಶಿವಮೊಗ್ಗದಿಂದ ಮಂಚ ತರುತ್ತೇನೆ ಎಂದ. ನಾನು ಬಿಡಲಿಲ್ಲ.

"ಅಂಗಡಿ ಮಂಚ ಅಂದ್ರೆ ಮರದ ಪುಡಿ ಅಂಟಿಸಿದ್ದು ಮಾರಾಯ. ಒಂದು ಲೋಟ ನೀರು ಚೆಲ್ಲಿದ್ರೆ ಹಪ್ಪಳ. ನಾನೇ ಮಾಡ್ತೀನಿ" ಎಂದೆ.

ಮರಗೆಲಸ ನನಗೆ ಬರುತ್ತಿರಲಿಲ್ಲ. ಆದರೆ ಫೋನಿನಲ್ಲಿ ನೋಡಿ ಕಲಿಯಲಾಗದ ವಿದ್ಯೆ ಈಗ ಯಾವುದಿದೆ? ಹಿತ್ತಲಿನ ಹಲಸಿನ ಮರ ಬಿದ್ದಾಗ ಕೊಯ್ಸಿಟ್ಟ ಹಲಗೆಗಳಿದ್ದವು. ಆರು ವಾರ ಕೀಸಿದೆ, ಕೊರೆದೆ, ಬೆರಳು ಜಜ್ಜಿಕೊಂಡೆ, ಗಂಗಾಂಬಿಕೆಯ ಹತ್ತಿರ ಬೈಸಿಕೊಂಡೆ. ಕೊನೆಗೆ ಒಂದು ಮಂಚ, ಒಂದು ಪುಟ್ಟ ಮೇಜು, ಎರಡು ಬಾಗಿಲಿನ ಕಪಾಟು ನಿಂತವು. ಕಪಾಟು ಸ್ವಲ್ಪ ಬಲಕ್ಕೆ ವಾಲುತ್ತಿತ್ತು. ಅದಕ್ಕೆ ನೆಲದ ಡೊಂಕೇ ಕಾರಣ ಎಂದು ಹೇಳಿದೆ. ಕುಣಿಯಲಾರದವಳ ಗಾದೆಯನ್ನು ಗಂಗಾಂಬಿಕೆ ಬಾಯಿಬಿಟ್ಟು ಹೇಳಲಿಲ್ಲ, ನಕ್ಕಳು ಅಷ್ಟೆ. ದೀಕ್ಷಾ ಮಾತ್ರ ಬಂದವರನ್ನೆಲ್ಲ ಕೈ ಹಿಡಿದು ಕರೆತಂದು ತೋರಿಸಿದಳು. "ನಮ್ಮಜ್ಜ ಮಾಡಿದ್ದು." ಆ ಮಾತು ಕೇಳಿದಾಗಲೆಲ್ಲ ನನ್ನ ಎದೆ ಒಂದಂಗುಲ ಅಗಲವಾಗುತ್ತಿತ್ತು.

ಇನ್ನು ಬಣ್ಣ. ಬಣ್ಣಕ್ಕೆ ಬಿಲ್ಕಿಸಳನ್ನೇ ಕರೆಯಬೇಕೆಂದು ಎಲ್ಲರೂ ಹೇಳಿದರು. ಅವಳ ಅಪ್ಪ ಅಬ್ದುಲ್ ಸಲಾಂ ನನ್ನ ಹಳೆಯ ಸ್ನೇಹಿತ. ನಮ್ಮ ಬಸ್ಸಿನ ಹಣೆಯ ಮೇಲೆ ಊರುಗಳ ಹೆಸರನ್ನೂ ಹಿಂಬದಿಯಲ್ಲಿ ಹೂಬಳ್ಳಿಯನ್ನೂ ಬರೆದವನು ಅವನೇ. ನಾಲ್ಕು ವರ್ಷದಿಂದ ಅವನ ಕೈ ನಡುಗುತ್ತದೆ. ಮಗಳು ಕುಂಚ ಹಿಡಿದಳು. ಮೊದಮೊದಲು ತೊಟ್ಟಿಲು, ಅಡುಗೆಮನೆಯ ಕಪಾಟು ಎಂದು ಹೆಂಗಸರು ಮಾತ್ರ ಕರೆಯುತ್ತಿದ್ದರು. ಆಮೇಲೆ ಗಂಡಸರೂ ಕರೆಯತೊಡಗಿದರು, ಆದರೆ 'ಸಲಾಂ ಮಗಳು' ಎಂದೇ ಕರೆದರು.

ಈ ಸಲ ಅವಳಿಗೆ ನಮ್ಮ ಕೆಲಸದ ಹಿಂದೆ ಇನ್ನೊಂದು ಕೆಲಸ ಕಾಯುತ್ತಿತ್ತು. ಗಂಗಾಂಬಿಕೆಯ ಚಿಕ್ಕಮ್ಮನ ಮಗಳು ನೀಲಾಂಬಿಕೆ ಕೊಪ್ಪದಲ್ಲಿ ಒಂದು ಶಿಶುವಿಹಾರ ನಡೆಸುತ್ತಾಳೆ. ಜೂನಿಗೆ ಮಕ್ಕಳಿಗೆ ನಲವತ್ತು ಮರದ ಕುರ್ಚಿ, ಹತ್ತು ಮೇಜು ಮಾಡಿಸುತ್ತಿದ್ದಳು. ಅವುಗಳ ಬಣ್ಣದ ಕೆಲಸ ಕೊಡುವ ಮುಂಚೆ, "ಮೊದಲು ನಮ್ಮ ಭಾವನ ಮನೇದು ಮಾಡಮ್ಮ, ನೋಡಿ ಹೇಳ್ತೀನಿ" ಎಂದು ಬಿಲ್ಕಿಸಳಿಗೆ ಹೇಳಿದ್ದಳು.

ಬಿಲ್ಕಿಸ್ ಬಂದ ದಿನ ಅದನ್ನೇ ಹೇಳಿದಳು. "ಮಾಮ, ಕೊಪ್ಪದ ಕೆಲಸ ಸಿಕ್ರೆ ಅದು ನನ್ನ ಹೆಸರಲ್ಲಿ ಸಿಕ್ಕಿದ ಮೊದಲನೇದು. ಇಲ್ಲೀ ತನಕ ಮಾಡಿದ್ದೆಲ್ಲ ಅಬ್ಬನ ಹೆಸರಲ್ಲೇ. ನಿಮ್ಮ ಮಾತಿನ ಮೇಲಿದೆ."

ನನ್ನ ಮಾತಿನ ಮೇಲಿದೆ ಎಂದು ಯಾರಾದರೂ ಹೇಳಿದರೆ ನಾನು ಉಬ್ಬುವವನೇ. "ಕೆಲಸ ಚೆನ್ನಾಗಿ ಮಾಡು, ಉಳಿದದ್ದು ನಂಗೆ ಬಿಡು" ಎಂದೆ.

ಅವಳು ಡಬ್ಬಿ ಬಿಚ್ಚಲಿಲ್ಲ. ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಅಂಗೈಯನ್ನು ಹಲಗೆಯ ಉದ್ದಕ್ಕೂ ಆಡಿಸಿದಳು. ಮೂಗು ಹತ್ತಿರ ತಂದಳು. ಉಗುರಿನಿಂದ ಒಂದು ಮೂಲೆ ಕೆರೆದಳು.

"ಇದಕ್ಕೆ ಏನಾದ್ರೂ ಹಚ್ಚಿದೀರಾ ಮಾಮ? ಹಲಸು ಹಳದಿ ಇರ್ಬೇಕು. ಇದು ಕಪ್ಪಿಗೆ ತಿರುಗಿದೆ."

ಹಚ್ಚಿದ್ದೆ. ಎರಡು ದಿನದ ಹಿಂದೆ ಗೇರೆಣ್ಣೆ ಹಚ್ಚಿದ್ದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕರಿಯೆಣ್ಣೆಯನ್ನು ನಮ್ಮ ಕಡೆ ಮಾಡಿನ ಮರಕ್ಕೆ, ಬೇಲಿಗೂಟಕ್ಕೆ ಬಳಿಯದ ಮನೆಯಿಲ್ಲ. ಬಳಿದರೆ ಒರಲೆ ಸುಳಿಯುವುದಿಲ್ಲ, ಕುಟ್ಟೆಹುಳ ಕೊರೆಯುವುದಿಲ್ಲ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಅದಕ್ಕೇ ಗಂಗಾಂಬಿಕೆ ಆ ಡಬ್ಬಿಯನ್ನು ಮನೆಯೊಳಗೆ ತರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು. ನಾನು ಅವಳು ಸಂತೆಗೆ ಹೋದ ಹೊತ್ತಿನಲ್ಲಿ ಕೋಲಿನ ತುದಿಗೆ ಬಟ್ಟೆ ಕಟ್ಟಿ, ಸೀಮೆಎಣ್ಣೆಯಲ್ಲಿ ತೆಳು ಮಾಡಿ, ಮೊದಲು ಕಾಲುಗಳಿಗೆ ಮತ್ತು ಅಡಿಭಾಗಕ್ಕೆ ಹಚ್ಚಿದೆ. ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ಉಳಿದದ್ದನ್ನು ಹಾಳು ಮಾಡುವುದು ಯಾಕೆ ಎಂದು ತಲೆ ಕಡೆಯ ಹಲಗೆ, ಪಕ್ಕದ ಪಟ್ಟಿ, ಮೇಜು, ಕಪಾಟು ಎಲ್ಲಕ್ಕೂ ಒಂದು ಕೈ ಬಳಿದುಬಿಟ್ಟೆ. ಒಣಗಿದ ಮೇಲೆ ಏನೂ ಮಾಡದು, ಮೇಲೆ ಬಣ್ಣ ಬೇರೆ ಬರುತ್ತದಲ್ಲ ಎಂಬುದು ನನ್ನ ಲೆಕ್ಕ.

ಅದನ್ನು ಬಿಲ್ಕಿಸಳಿಗೆ ಹೇಳಬಹುದಿತ್ತು. ಪಕ್ಕದಲ್ಲೇ ಗಂಗಾಂಬಿಕೆ ನಿಂತಿದ್ದಳು. ಅದೂ ಅಲ್ಲದೆ, ನನ್ನ ಬಸ್ಸಿನಲ್ಲಿ ಅರ್ಧ ಟಿಕೇಟಿನಲ್ಲಿ ಓಡಾಡಿದ ಹುಡುಗಿ ನನ್ನ ಮಂಚವನ್ನು ಪೊಲೀಸರಂತೆ ತನಿಖೆ ಮಾಡುವುದೆಂದರೇನು ಎಂದು ಒಳಗೇ ಸಿಟ್ಟು ಕೆರಳಿತು.

"ಬರೀ ಮರ ಮಾರಾಯ್ತಿ! ಹಳೇ ಹಲಗೆ, ಅಟ್ಟದ ಮೇಲೆ ಹೊಗೆ ಕುಡಿದು ಕಪ್ಪಾಗಿದೆ. ಮೊಮ್ಮಗಳು ಮಲಗೋ ಮಂಚಕ್ಕೆ ನಾನು ಎಂತಾದ್ರೂ ಬಳೀತೀನಾ?" ಎಂದೆ.

ಅವಳು ನನ್ನ ಮುಖ ನೋಡಿದಳು. "ನೀವು ಹೇಳಿದ ಮೇಲೆ ಮುಗೀತು ಮಾಮ" ಎಂದು ಡಬ್ಬಿ ಬಿಚ್ಚಿದಳು.

ಅವಳ ಕೆಲಸ ನೋಡುತ್ತ ಕೂರುವುದೇ ಒಂದು ಸುಖವಾಗಿತ್ತು, ಅದನ್ನು ಆಗಲೇ ಒಪ್ಪಿಕೊಂಡಿದ್ದೆ. ಮೊಳೆಯ ತೂತುಗಳಿಗೆ ಮರದ ಹಿಟ್ಟು ಮತ್ತು ಅಂಟು ಕಲಸಿ ತುಂಬಿದಳು. ಉಪ್ಪುಕಾಗದದಲ್ಲಿ ಮರದ ಗೆರೆಯ ಜೊತೆಗೇ ತಿಕ್ಕಿದಳು, ಒಮ್ಮೆಯೂ ಅಡ್ಡ ತಿಕ್ಕಲಿಲ್ಲ. ಮಕ್ಕಳ ಮೊಣಕಾಲು ತಾಗುವ ಮೂಲೆಗಳನ್ನು ಸಾಬೂನಿನ ಬಿಲ್ಲೆಯಂತೆ ನುಣುಪಾಗಿ ಉರುಟು ಮಾಡಿದಳು. ಬಣ್ಣವನ್ನು ಹಳೆಯ ದುಪಟ್ಟಾದ ತುಂಡಿನಲ್ಲಿ ಸೋಸಿಯೇ ಹಚ್ಚಿದಳು. ವಾಸನೆ ಬಾರದ, ಮಕ್ಕಳು ಬಾಯಿ ಇಟ್ಟರೂ ಅಪಾಯವಿಲ್ಲದ ಬಣ್ಣ ಬೇಕೆಂದು ತಾನೇ ಶಿವಮೊಗ್ಗಕ್ಕೆ ಹೋಗಿ ಆರಿಸಿ ತಂದಿದ್ದಳು.

ಅಷ್ಟೆಲ್ಲ ಮಾಡಿಯೂ ಬಣ್ಣ ಒಣಗಲಿಲ್ಲ.

ಒಂದು ದಿನವಾಯಿತು, ಎರಡು ದಿನವಾಯಿತು. ಅಡಿಬಣ್ಣದ ಬಿಳಿಯ ಮೇಲೆ ಅಲ್ಲಲ್ಲಿ ಕಂದು ಕಲೆ ಮೂಡಿತು, ಚಹಾ ಚೆಲ್ಲಿದ ಹಾಗೆ. ಮೂರನೆಯ ದಿನ ದೀಕ್ಷಾ ತನ್ನ ಗೊಂಬೆಯನ್ನು ಮಂಚದ ತಲೆಹಲಗೆಗೆ ಒರಗಿಸಿದಳು. ತೆಗೆಯಲು ಹೋದರೆ ಗೊಂಬೆಯ ಕೂದಲು ಕಿತ್ತು ಹಲಗೆಗೇ ಅಂಟಿಕೊಂಡು ಉಳಿಯಿತು. ಅವಳು ಅಳುತ್ತ ಓಡಿ ಬಂದಳು.

ನನಗೆ ಆಗಲೇ ಎಲ್ಲೋ ಒಂದು ಮೂಲೆಯಲ್ಲಿ ಹೊಳೆಯಿತು. ಗೇರೆಣ್ಣೆ ಬಳಿದ ಮಾಡಿನ ಮರಕ್ಕೆ ಯಾರಾದರೂ ಬಣ್ಣ ಹೊಡೆದದ್ದನ್ನು ನಾನು ನೋಡಿಯೇ ಇಲ್ಲವಲ್ಲ ಎಂದು ಹೊಳೆಯಿತು. ಹೊಳೆದ ತಕ್ಷಣ ಆ ಮೂಲೆಯ ಬಾಗಿಲನ್ನು ಎಳೆದು ಹಾಕಿಬಿಟ್ಟೆ. ತಪ್ಪು ತನ್ನದು ಎಂದು ಅನುಮಾನ ಬಂದವನು ಇನ್ನಷ್ಟು ಜೋರಾಗಿ ಕೂಗುತ್ತಾನೆ. ಟಿಕೇಟು ಇಲ್ಲದವರು ಹೀಗೆ ಕೂಗುವುದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ, ಆ ದಿನ ನಾನೇ ಕೂಗಿದೆ.

ಬಿಲ್ಕಿಸ್ ಬಂದಾಗ ಜಗಲಿಯಲ್ಲೇ ನಿಲ್ಲಿಸಿ ಬೈದೆ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು.

"ಇದೇನು ಬಣ್ಣನಾ, ಬೆಲ್ಲದ ಪಾಕನಾ? ಎಂತ ಕೆಲಸ ಕಲಿತಿದೀಯ ನೀನು? ನಿಮ್ಮಪ್ಪ ಬಸ್ಸಿಗೆ ಬರೆದಿದ್ದು ಇಪ್ಪತ್ತು ಮಳೆಗಾಲ ತಡೀತು. ಅವನ ಹೆಸರು ಹಾಳು ಮಾಡೋಕೆ ಹುಟ್ಟಿದೀಯ!"

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ಎದುರಿಗೇ ಫೋನ್ ತೆಗೆದು ಕೊಪ್ಪಕ್ಕೆ ಹಚ್ಚಿದೆ. "ನೀಲಾ, ಆ ಕುರ್ಚಿ ಕೆಲಸ ಇವಳಿಗೆ ಕೊಡ್ಬೇಡ. ಇಲ್ಲಿ ಮೂರು ದಿನ ಆದ್ರೂ ಬಣ್ಣ ಒಣಗಿಲ್ಲ. ಮಕ್ಕಳು ಕುರ್ಚಿಗೆ ಅಂಟಿಕೊಂಡು ಕೂರ್ಬೇಕಾಗುತ್ತೆ" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಎಳೆದೆ, ಅದೂ ನಾಲ್ಕು ಜನರ ಮುಂದೆ.

ಬಿಲ್ಕಿಸಳ ಮುಖ ಬಿಳುಚಿಕೊಂಡಿತು. ಅವಳು ಅತ್ತರೆ ನನಗೆ ಸಮಾಧಾನವಾಗುತ್ತಿತ್ತು, ತಿರುಗಿ ಬೈದಿದ್ದರೂ ಆಗುತ್ತಿತ್ತು. ಅವಳು ಎರಡನ್ನೂ ಮಾಡಲಿಲ್ಲ.

"ಎಲ್ಲ ಕೆರೆದು ತೆಗೆದು ಮೊದಲಿಂದ ಮಾಡ್ತೀನಿ ಮಾಮ. ಮಂಚ ಹಿತ್ತಲಿಗೆ ಇಳಿಸಿಕೊಡಿ. ದೀಕ್ಷಾನ ಹತ್ರ ಬಿಡ್ಬೇಡಿ" ಎಂದಳು.

ಎರಡು ದಿನ ಹಿತ್ತಲಿನ ತಗಡಿನ ಚಪ್ಪರದಡಿ ಕೂತು ಕೆರೆದಳು. ಏಪ್ರಿಲ್ ಬಿಸಿಲು ತಗಡಿನ ಮೇಲೆ ಚಟಚಟ ಎನ್ನುತ್ತಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಬೆವರಿದ ಕೈಗಳ ಮೇಲೆ ಹುಡಿ ಮೆತ್ತಿಕೊಳ್ಳುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಹತ್ತಿರ ಹೋಗಲಿಲ್ಲ. ಒಣಗದ ಬಣ್ಣವನ್ನು ಕೆರೆಯುವುದೆಂದರೆ ತುಪ್ಪದ ಪಾತ್ರೆಯನ್ನು ತಣ್ಣೀರಿನಲ್ಲಿ ತೊಳೆದ ಹಾಗೆ. ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಕಾಗದ ಎಸೆಯಬೇಕು, ಇನ್ನೊಂದು ತೆಗೆಯಬೇಕು. ಅವಳು ಒಂದು ಗೊಣಗೂ ಇಲ್ಲದೆ ಮಾಡಿದಳು.

ಮೂರನೆಯ ದಿನ ಬೆಳಿಗ್ಗೆ ಅವಳು ಬರಲಿಲ್ಲ. ಮಧ್ಯಾಹ್ನ ಬಂದಳು, ಆ ಸೆಕೆಯಲ್ಲೂ ಮಣಿಕಟ್ಟಿನ ತನಕ ತೋಳಿರುವ ಅಂಗಿ, ಕೈಗವಸು. ಗಂಗಾಂಬಿಕೆ ಮಜ್ಜಿಗೆ ಕೊಟ್ಟಳು. ಲೋಟ ಹಿಡಿಯಲು ಬಿಲ್ಕಿಸ್ ಕೈಗವಸು ಕಳಚಿದಳು.

ಬೆರಳಿನ ಸಂದಿನಿಂದ ಮೊಣಕೈವರೆಗೆ ಬೊಬ್ಬೆ. ಕೆಲವು ಒಡೆದು ಕೀವು ಸೋರುತ್ತಿತ್ತು, ಕೆಲವು ಕಪ್ಪಾಗಿ ಸುಟ್ಟ ಹಾಗಿದ್ದವು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಅದೇನೆಂದು ಕೇಳಬೇಕಾಗಿಲ್ಲ.

"ಅಯ್ಯೋ ಶಿವನೇ! ಇದು ಗೇರೆಣ್ಣೆ ಸುಟ್ಟದ್ದಲ್ವೇನೇ? ಎಲ್ಲಿ ಮುಟ್ಟಿದೆ ಮಾರಾಯ್ತಿ?" ಎಂದಳು ಗಂಗಾಂಬಿಕೆ.

ಬಿಲ್ಕಿಸ್ ನನ್ನ ಕಡೆ ನೋಡಿದಳು. ಒಂದೇ ಒಂದು ಸಲ. ಬಾಗಿಲಲ್ಲಿ ದೀಕ್ಷಾ ನಿಂತಿದ್ದಳು, ಅವಳ ಕಣ್ಣೂ ಆ ಕೈಗಳ ಮೇಲೆಯೇ ಇತ್ತು.

"ನಿನ್ನೆ ಮನೇಲಿ ಗೇರುಬೀಜ ಸುಟ್ವಿ ಅಕ್ಕ. ಸಿಡೀತು" ಎಂದಳು ಬಿಲ್ಕಿಸ್.

ಗಂಗಾಂಬಿಕೆ ಕೊಬ್ಬರಿ ಎಣ್ಣೆ ತರಲು ಒಳಗೆ ಓಡಿದಳು. ದೀಕ್ಷಾ ಅವಳ ಹಿಂದೆಯೇ ಹೋದಳು. ಹಿತ್ತಲಲ್ಲಿ ನಾವಿಬ್ಬರೇ ಉಳಿದೆವು.

"ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲನೇ ದಿನ ಕೆರೆಯೋವಾಗ್ಲೇ. ಬಣ್ಣಕ್ಕೆ ಮುಂಚೆ ಮೇಲೆ ಮೇಲೆ ತಿಕ್ಕಿದ್ದೆ, ಈ ಸಲ ಆಳಕ್ಕೆ ಕೆರೆದೆ, ಹುಡಿ ಬಿಸಿ ಆದ ತಕ್ಷಣ ವಾಸನೆ ಎದ್ದಿತ್ತು."

"ಗೊತ್ತಾಗಿಯೂ ಕೆರೆದ್ಯಾ? ಎಲ್ರ ಮುಂದೆ ನನ್ನ ಮುಖಕ್ಕೆ ಉಗೀಬಹುದಿತ್ತಲ್ಲ?"

ಅವಳು ಕಳಚಿದ ಕೈಗವಸಿನಿಂದ ಮಂಚದ ಕಾಲಿನ ಹುಡಿ ಒರೆಸಿದಳು. "ದೀಕ್ಷಾ ಕೇಳಿಸ್ಕೊಂಡಿದ್ರೆ ಈ ಮಂಚದ ಮೇಲೆ ಮಲಗ್ತಾಳಾ ಮಾಮ? ಆರು ವಾರ ಕೂತು ಮಾಡಿದೀರಿ. ಕೆಲಸ ಒಳ್ಳೇದಿದೆ. ಮೇಲೆ ಬಳಿದದ್ದು ತಪ್ಪು ಅಷ್ಟೆ." ಆಮೇಲೆ ದನಿ ಗಟ್ಟಿ ಮಾಡಿದಳು. "ಆದ್ರೆ ಒಂದು ಮಾತು. ತಲೆಹಲಗೆ, ಎರಡು ಪಕ್ಕದ ಪಟ್ಟಿ, ಮೇಜಿನ ಮೇಲ್ಭಾಗ, ಕಪಾಟಿನ ಬಾಗಿಲು ಇಷ್ಟನ್ನ ಹೊಸ ಮರದಲ್ಲಿ ಮಾಡಿಕೊಡಿ. ಅವಳ ಮುಖ, ಕೈ ತಾಗೋ ಜಾಗ ಅವು. ಈ ಹಲಗೆಗಳ ಮೇಲೆ ನನ್ನ ಬಣ್ಣ ಹತ್ತಲ್ಲ, ನಾನು ಹತ್ತಿಸೋದೂ ಇಲ್ಲ. ನೀವು ಬೈದ್ರೂ ಇಲ್ಲ."

ಅವಳ ಕಡೆಗೆ ಕೈ ಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ತಲೆ ಆಡಿಸಿದೆ. ಆ ಮಂಚದ ಮೇಲೆ ದೀಕ್ಷಾ ಕೆನ್ನೆ ಒತ್ತಿ ಮಲಗಿದ್ದರೆ ಎಂದು ಯೋಚಿಸಿದೆ. ಆಮೇಲೆ ಎಷ್ಟೋ ಹೊತ್ತು ಬೇರೇನನ್ನೂ ಯೋಚಿಸಲು ಆಗಲಿಲ್ಲ.

ಹೊಸ ಹಲಗೆ ಕೀಸಿದೆ. ಮನೆಯವರಿಗೆ, ಹಳೆಯದು ಸೀಳು ಬಿಟ್ಟಿತ್ತು ಎಂದೆ. ಸುಳ್ಳು ಒಂಟಿಯಾಗಿ ಇರುವುದಿಲ್ಲ, ಸಂಸಾರ ಬೆಳೆಸುತ್ತದೆ. ಕೊಪ್ಪಕ್ಕೆ ಫೋನ್ ಮಾಡಬೇಕಿತ್ತು, ಅದೂ ಗೊತ್ತಿತ್ತು. ನಾಳೆ ಮಾಡೋಣ ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ. ಬಿಲ್ಕಿಸ್ ಕೇಳಲೇ ಇಲ್ಲ.

ಅವಳು ಮತ್ತೆ ಶುರು ಮಾಡಿದಳು. ಕಾಲು, ಅಡಿಭಾಗ, ಕಪಾಟಿನ ಚೌಕಟ್ಟು ಇವನ್ನು ಸ್ಪಿರಿಟ್ಟಿನಲ್ಲಿ ನಾಲ್ಕು ಸಲ ಒರೆಸಿದಳು, ಪ್ರತಿ ಸಲವೂ ಹೊಸ ಬಟ್ಟೆ. ಬಟ್ಟೆ ಬೆಳ್ಳಗೇ ಉಳಿಯುವ ತನಕ ಬಿಡಲಿಲ್ಲ. ಆಮೇಲೆ ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಜೇನಿನ ಬಣ್ಣದ ನೀರು ಮಾಡಿ, ತೆಳುವಾಗಿ ಐದು ಕೈ ಬಳಿದಳು. "ಅರಗಿನ ಕೆಳಗಿರೋದು ಮೇಲೆ ಬರಲ್ಲ ಮಾಮ. ಇದು ಅಬ್ಬ ಕಲಿಸಿದ್ದು" ಎಂದಳು. ಬೊಬ್ಬೆಗಳು ಒಣಗಿ ಹಕ್ಕಳೆ ಕಟ್ಟಿದ್ದವು. ಕುಂಚ ಹಿಡಿದು ಮಡಚುವಾಗ ಅವು ಬಿರಿಯುತ್ತಿದ್ದವು, ಅವಳು ತುಟಿ ಕಚ್ಚುತ್ತಿದ್ದಳು. ಕುಂಚ ಮಾತ್ರ ಅಲುಗಲಿಲ್ಲ. ನಾನು ಲಾಗಾಯ್ತಿನಿಂದ ಎಷ್ಟೋ ಕೆಲಸಗಾರರನ್ನು ನೋಡಿದ್ದೇನೆ, ಘಾಟಿಯ ತಿರುವಿನಲ್ಲಿ ಒಂದು ಕೈಯಲ್ಲಿ ಬೀಡಿ ಹಚ್ಚುವ ಡ್ರೈವರುಗಳನ್ನೂ ನೋಡಿದ್ದೇನೆ. ಇಂಥ ಕೈ ನೋಡಿರಲಿಲ್ಲ.

ಯಾವ ಬಣ್ಣ ಬೇಕೆಂದು ನಮ್ಮನ್ನು ಕೇಳಲಿಲ್ಲ, ದೀಕ್ಷಾಳನ್ನು ಕೇಳಿದಳು. ಗುಲಾಬಿ ಅನ್ನುತ್ತಾಳೆ, ಚಿಟ್ಟೆ ಅನ್ನುತ್ತಾಳೆ ಎಂದುಕೊಂಡಿದ್ದೆವು.

"ನೀರುನಾಯಿ" ಎಂದಳು ದೀಕ್ಷಾ. ಹಿನ್ನೀರಿನಲ್ಲಿ ಅವು ಮೀನು ಹಿಡಿಯುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿ ಬಂದಿದ್ದಳು.

ಸರಿ, ಹಿನ್ನೀರೇ ಬಂತು ಕೋಣೆಯೊಳಗೆ. ಮಂಚದ ಕಾಲುಗಳಿಗೆ ಕೆಸರಿನ ಕಂದು. ಅದರ ಮೇಲೆ ಹಸಿರು, ಮೇಲೆ ಹೋದಂತೆ ತೆಳುವಾಗುತ್ತ ಬೆಳಗಿನ ನೀರಿನ ಬೂದು ನೀಲಿ. ಎಲ್ಲಿ ಹಸಿರು ಮುಗಿಯಿತು, ಎಲ್ಲಿ ನೀಲಿ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ತಲೆಹಲಗೆಯ ಉದ್ದಕ್ಕೂ ಆಚೆ ದಡದ ಗುಡ್ಡಗಳ ಸಾಲು. ಮೇಜಿನ ಕಾಲಿಗೆ ಒಂದು ಬೆಳ್ಳಕ್ಕಿ. ಕಪಾಟಿನ ಬಾಗಿಲಲ್ಲಿ ನೀರಿನಿಂದ ತಲೆ ಎತ್ತಿದ ನೀರುನಾಯಿ, ಅದರ ಮೀಸೆಯ ಕೂದಲುಗಳನ್ನು ಬಿಲ್ಕಿಸ್ ತನ್ನಪ್ಪನ ಹಳೆಯ ಅಕ್ಷರದ ಕುಂಚದಲ್ಲಿ ಒಂದೊಂದಾಗಿ ಎಳೆದಳು. ಕಪಾಟು ವಾಲಿದ್ದು ಈಗ ಕಾಣುತ್ತಿರಲಿಲ್ಲ, ನೀರಿನ ಗೆರೆಯನ್ನು ಅವಳು ಆ ಓರೆಗೆ ಸರಿಯಾಗಿ ತಿದ್ದಿದ್ದಳು. ನನ್ನ ಡೊಂಕನ್ನು ಯಾರಿಗೂ ಹೇಳದೆ ಮುಚ್ಚಿದ್ದಳು.

ಬಣ್ಣ ಒಂದೇ ರಾತ್ರಿಗೆ ಒಣಗಿತು. ಆದರೂ ಬಿಲ್ಕಿಸ್ ದೀಕ್ಷಾಳನ್ನು ಮುಟ್ಟಲು ಬಿಡಲಿಲ್ಲ. ಒಂದು ವಾರ ಕಾದಳು. ಆಮೇಲೆ ಒಂದು ಬೆಳಿಗ್ಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತು, ಅಂಗಿಯ ಎಡತೋಳು ಮಡಚಿ, ಬೊಬ್ಬೆಯೇಳದೆ ಉಳಿದಿದ್ದ ಮೊಣಕೈ ಮೇಲಿನ ಮೆತ್ತನೆ ಒಳಭಾಗವನ್ನು ತಲೆಹಲಗೆಗೆ ಒತ್ತಿ ಹಿಡಿದಳು. ಅರ್ಧ ಗಂಟೆ ಹಾಗೇ ಕೂತಳು. ಆಮೇಲೆ ಪಕ್ಕದ ಪಟ್ಟಿ, ಆಮೇಲೆ ಮೇಜು, ಆಮೇಲೆ ಕಪಾಟು.

"ಒಂದು ಸಲ ಗೇರು ತಾಗಿದ ಮೈಗೆ ಇನ್ನೊಂದು ಸಲ ಚೂರು ತಾಗಿದ್ರೂ ಗೊತ್ತಾಗುತ್ತೆ. ನಾಳೆ ಸಂಜೆ ತನಕ ಬೊಬ್ಬೆ ಏಳದಿದ್ರೆ ಮಗು ಮಲಗ್ಬಹುದು" ಎಂದಳು.

"ನನ್ನ ಕೈ ಇಡ್ತೀನಿ, ನೀನು ಏಳು" ಎಂದೆ.

"ನಿಮ್ದು ಕಂಡಕ್ಟರ್ ಚರ್ಮ ಮಾಮ. ಅದಕ್ಕೆ ಬೆಂಕಿ ಇಟ್ರೂ ರೈಟ್ ಅನ್ನುತ್ತೆ" ಎಂದು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು. ನಾನು ನಗಲಾರದೆ ಹೊರಗೆ ಎದ್ದು ಹೋದೆ. ಮರುದಿನ ಸಂಜೆಗೂ ಅವಳ ತೋಳು ಹಾಗೇ ಇತ್ತು, ಒಂದು ಕೆಂಪು ಚುಕ್ಕೆಯೂ ಇಲ್ಲ.

ಭಾನುವಾರ ಕೋಣೆಗೆ ಪೂಜೆ ಇಟ್ಟುಕೊಂಡೆವು. ಬಿಲ್ಕಿಸಳನ್ನೂ ಕರೆದಿದ್ದೆವು, ಅವಳ ಕುಂಚಗಳು ಇನ್ನೂ ಕಿಟಕಿಯ ಹತ್ತಿರವೇ ಇದ್ದವು. ಕೊಪ್ಪದಿಂದ ನೀಲಾಂಬಿಕೆ ಬಂದಳು. ಕೋಣೆಯ ಬಾಗಿಲಲ್ಲಿ ಕಾಲಿಟ್ಟವಳು ಅಲ್ಲೇ ನಿಂತಳು. ಮಂಚವನ್ನು ಮುಟ್ಟಿದಳು, ಬಗ್ಗಿ ಕಾಲಿನ ಸಂದು ನೋಡಿದಳು, ನೀರುನಾಯಿಯ ಮೀಸೆಯನ್ನು ಕನ್ನಡಕ ಏರಿಸಿ ನೋಡಿದಳು. ಎದ್ದು ನಿಂತು ನನ್ನನ್ನು ಕೇಳಿದಳು.

"ಭಾವ, ಇಷ್ಟು ಚೆನ್ನಾಗಿ ಮಾಡೋಳು ಅವತ್ತು ಯಾಕೆ ಕೆಡಿಸಿದ್ಲು?"

ನಾನು ಬಾಯಿ ತೆರೆಯುವ ಮುಂಚೆ ಬಿಲ್ಕಿಸ್ ಹೇಳಿದಳು. "ಮರ ಸರಿಯಾಗಿ ನೋಡ್ಲಿಲ್ಲ ಮೇಡಂ. ನನ್ನದೇ ತಪ್ಪು."

ನೀಲಾಂಬಿಕೆ ಇನ್ನೊಮ್ಮೆ ಮಂಚದ ಕಡೆ ನೋಡಿದಳು. ಅವಳು ಕೆಟ್ಟವಳಲ್ಲ, ಮಕ್ಕಳ ಜವಾಬ್ದಾರಿ ಹೊತ್ತವಳು. "ನೋಡಮ್ಮ, ಕೆಲಸ ಕಣ್ಣು ತುಂಬುತ್ತೆ. ಆದ್ರೆ ನಲವತ್ತು ಮಕ್ಕಳು ಮುಟ್ಟೋ ಕುರ್ಚಿ. ಮರ ನೋಡೋದ್ರಲ್ಲೇ ಒಂದು ಸಲ ತಪ್ಪಿದ ಮೇಲೆ ನಂಗೆ ಧೈರ್ಯ ಬರಲ್ಲ. ಮರದ್ದು ಹಾಗೇ ಇರ್ಲಿ, ಈ ವರ್ಷ ಪ್ಲಾಸ್ಟಿಕ್ ಕುರ್ಚಿ ತರಿಸ್ತೀನಿ. ಮುಂದೆ ನೋಡಾಣ."

"ಪರವಾಗಿಲ್ಲ ಮೇಡಂ" ಎಂದಳು ಬಿಲ್ಕಿಸ್. ಕಿಟಕಿಯ ಹತ್ತಿರ ಹೋಗಿ ತನ್ನ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. ಎಷ್ಟು ನಿಧಾನವಾಗಿ ಸುತ್ತಿದಳೆಂದರೆ, ಆ ಕೆಲಸ ಅವಳಿಗೆ ಎಷ್ಟು ಬೇಕಿತ್ತೆಂದು ಅವಳ ಬೆನ್ನು ನೋಡಿಯೇ ನನಗೆ ಅರ್ಥವಾಯಿತು.

ದೀಕ್ಷಾ ಮಂಚದ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಗಂಗಾಂಬಿಕೆ, ವೀರೇಶ್, ಸೊಸೆ ಎಲ್ಲರೂ ಇದ್ದರು. ಹೇಳದೆ ಇದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹೇಳಬಲ್ಲವಳು ಹೇಳುವವಳಲ್ಲ.

"ನೀಲಾ, ನಿಲ್ಲು" ಎಂದೆ. "ಕೆಡಿಸಿದ್ದು ಅವಳಲ್ಲ, ನಾನು. ಅವಳು ಮರ ನೋಡಿದ್ಲು. ಮೂಸಿ ನೋಡಿದ್ಲು, ಕೆರೆದು ನೋಡಿದ್ಲು, ಏನಾದ್ರೂ ಹಚ್ಚಿದೀರಾ ಅಂತ ಕೇಳಿದ್ಲು. ಗೇರೆಣ್ಣೆ ಬಳಿದು ಇಟ್ಟು, ಬರೀ ಮರ ಅಂತ ಸುಳ್ಳು ಹೇಳ್ದೆ. ಅದಕ್ಕೇ ಬಣ್ಣ ಒಣಗ್ಲಿಲ್ಲ. ಅವಳ ಕೈ ನೋಡು. ಅದು ನನ್ನ ಕೆಲಸ. ಬೀದೀಲಿ ನಿಲ್ಲಿಸಿ ಬೈದಿದ್ದೂ ನಾನೇ, ನಿಂಗೆ ಫೋನ್ ಮಾಡಿದ್ದೂ ನಾನೇ. ಗೊತ್ತಾದ ಮೇಲೂ ಹದಿನೈದು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೂ ನಾನೇ."

ಗಂಗಾಂಬಿಕೆ ಸೆರಗು ಬಾಯಿಗೆ ಒತ್ತಿಕೊಂಡಳು. ವೀರೇಶ್ ನೆಲ ನೋಡಿದ. ದೀಕ್ಷಾ ಮಂಚದಿಂದ ಇಳಿದು ಬಂದು ಬಿಲ್ಕಿಸಳ ಕೈ ಹಿಡಿದು ನೋಡಿದಳು. ಹಕ್ಕಳೆಗಳು ಉದುರಿ ತಿಳಿಗುಲಾಬಿ ಕಲೆಗಳು ಉಳಿದಿದ್ದವು.

"ಇದು ಗೇರುಬೀಜ ಸುಡೋವಾಗ ಆಗಿದ್ದಲ್ವಾ ಅಜ್ಜ?"

"ಅಲ್ಲ ಪುಟ್ಟಿ. ನಾನು ಮಂಚಕ್ಕೆ ಹಚ್ಚಿದ್ದರಿಂದ ಆಗಿದ್ದು."

"ನಾನು ಮಲಗಿದ್ರೆ ನಂಗೂ ಹಿಂಗೇ ಆಗ್ತಿತ್ತಾ?"

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಎಷ್ಟೋ ಜನ ಏನೇನೋ ಕೇಳಿದ್ದಾರೆ. ಇಷ್ಟು ಕಷ್ಟದ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಆಗ್ತಿತ್ತು. ಮುಖಕ್ಕೆ ಆಗ್ತಿತ್ತು" ಎಂದೆ.

ಅವಳು ಮಂಚವನ್ನು ನೋಡಿದಳು, ಬಿಲ್ಕಿಸಳನ್ನು ನೋಡಿದಳು, ನನ್ನನ್ನು ನೋಡಿದಳು. ಮಕ್ಕಳು ಯೋಚಿಸುವಾಗ ಹುಬ್ಬು ಗಂಟಿಕ್ಕುತ್ತಾರಲ್ಲ, ಹಾಗೆ. ಆಮೇಲೆ ತೀರ್ಪು ಕೊಟ್ಟಳು.

"ಹಂಗಾದ್ರೆ ಈ ಮಂಚ ಬಿಲ್ಕಿಸಕ್ಕ ಮಾಡಿದ್ದು."

"ಇಲ್ಲ ದೀಕ್ಷಾ, ಅಜ್ಜನೇ ಮಾಡಿದ್ದು. ನಾನು ಬಣ್ಣ ಕೊಟ್ಟೆ ಅಷ್ಟೆ" ಎಂದು ಬಿಲ್ಕಿಸ್ ಗಾಬರಿಯಾದಳು. ಮಕ್ಕಳ ಕೋರ್ಟಿನಲ್ಲಿ ಅಪೀಲು ನಡೆಯುವುದಿಲ್ಲ. ದೀಕ್ಷಾ ತಲೆ ಅಡ್ಡ ಆಡಿಸಿ, ಬಿಲ್ಕಿಸಳ ಕೈಯನ್ನು ಬಿಡದೆ ಹಿಡಿದು ನಿಂತಳು.

"ಹೌದು ಪುಟ್ಟಿ. ಅವಳೇ ಮಾಡಿದ್ದು" ಎಂದೆ.

ನೀಲಾಂಬಿಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಮೇ ಇಪ್ಪತ್ತರೊಳಗೆ ನಲವತ್ತು ಕುರ್ಚಿ, ಹತ್ತು ಮೇಜು. ಆಗುತ್ತಾ ಬಿಲ್ಕಿಸ್?" ಎಂದಳು.

ಬಿಲ್ಕಿಸ್ ಕೂಡಲೇ ಹೂಂ ಅನ್ನಲಿಲ್ಲ. "ಮರ ಮೊದಲು ನೋಡ್ತೀನಿ ಮೇಡಂ. ಯಾರು ಏನು ಹೇಳಿದ್ರೂ ನಾನೇ ಕೆರೆದು ನೋಡಿಯೇ ಹೇಳ್ತೀನಿ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಗಂಗಾಂಬಿಕೆ. ಆ ನಗು ನನಗೆ ಸಲ್ಲಬೇಕಾದದ್ದೇ.

ಈಗ ಆ ಕೋಣೆ ನೋಡಲು ಬರುವವರು ಹೆಚ್ಚಾಗಿದ್ದಾರೆ. ಬಾಳೆಹೊನ್ನೂರಿನಿಂದಲೂ ಬಂದು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಬಿಲ್ಕಿಸಳ ಮನೆ ಎಲ್ಲಿ ಎಂದು ಕೇಳುತ್ತಾರೆ. ದೀಕ್ಷಾ ಮೊದಲಿನಂತೆಯೇ ಅವರ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾಳೆ. ನಾನು ಜಗಲಿಯಲ್ಲಿ ಕೂತಿರುತ್ತೇನೆ, ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತದೆ.

"ಯಾರು ಮಾಡಿದ್ದು ಪುಟ್ಟಿ ಇದು?"

"ಬಿಲ್ಕಿಸಕ್ಕ."

ಎದೆಯಲ್ಲಿ ಚುರುಕ್ ಎನ್ನುತ್ತದೆ. ಅನ್ನಲಿ. ನಾನು ಎದ್ದು ಹೋಗಿ ತಿದ್ದುವುದಿಲ್ಲ.